ಹೊಂಗೆದೊಡ್ಡಿಗೆ ಬಂದ ಹಿಮದ ದೋಣಿ

ನನ್ನನ್ನು ನೋಡಬೇಕೆಂದರೆ ಮೊದಲು ಗಂಟು ಬಿಚ್ಚಬೇಕು, ಆಮೇಲೆ ನಿಧಾನವಾಗಿ ಸುರುಳಿ ಬಿಡಿಸಬೇಕು. ಅವಸರದವರಿಗೆ ನಾನು ಸಿಗುವುದಿಲ್ಲ. ನನ್ನ ಮೈ ರೇಷ್ಮೆ, ಬೆನ್ನು ಕಾಗದ, ಪಾದದಲ್ಲಿ ಒಂದು ದುಂಡನೆಯ ಮರದ ಕೋಲು. ನಾನು ಜಪಾನಿನ ಕ್ಯೋಟೋ ಪಟ್ಟಣದಲ್ಲಿ ಹುಟ್ಟಿದ ಸುರುಳಿ ಚಿತ್ರ. ಆದರೆ ಬದುಕಿನ ಬಹುಪಾಲನ್ನು ಮೈಸೂರು ಸೀಮೆಯ ಹೊಂಗೆದೊಡ್ಡಿಯಲ್ಲಿ ಕಳೆದೆ. ಹೀಗಾಗಿ ನನ್ನ ಕಥೆ ನನಗೆ ಕನ್ನಡದಲ್ಲೇ ನೆನಪಿಗೆ ಬರುತ್ತದೆ.

ನನ್ನನ್ನು ಬರೆದವಳು ನಾವೊ ಎಂಬ ಹೆಂಗಸು. ಒಬ್ಬ ಹಿರಿಯ ಚಿತ್ರಕಾರನ ಬಳಿ ಅವಳು ಬಹಳ ವರ್ಷ ಕಲಿತಿದ್ದಳು. ಕಲ್ಲನ್ನು ಅರೆದು ನೀಲಿ ಮಾಡುವುದು, ಕಪ್ಪೆಚಿಪ್ಪನ್ನು ಅರೆದು ಬಿಳಿ ಮಾಡುವುದು, ಎಲ್ಲ ಅವಳ ಕೈಗೆ ಬಂದಿತ್ತು. ಆ ವರ್ಷದ ಪ್ರದರ್ಶನಕ್ಕೆ ಅವಳು ಒಂದು ಹಳೆಯ ಅರಮನೆಯ ಕಥೆಯನ್ನು ಆರಿಸಿಕೊಂಡಳು. ಆ ದೇಶದಲ್ಲಿ ಎಲ್ಲರೂ ಬಲ್ಲ ಕಥೆ ಅದು. ರಾಜನ ಕೋಪಕ್ಕೆ ಗುರಿಯಾದ ಒಬ್ಬ ಸರದಾರನನ್ನು ದೂರದ ದ್ವೀಪಕ್ಕೆ ಗಡೀಪಾರು ಮಾಡುತ್ತಾರೆ. ಅವನ ಬಳಿಗೆ ಯಾರೂ ಹೋಗಕೂಡದೆಂದು ಅಪ್ಪಣೆಯಾಗುತ್ತದೆ. ಅವನ ಹೆಂಡತಿ ಹಿಮ ಬೀಳುವ ಒಂದು ಬೆಳಿಗ್ಗೆ ಒಬ್ಬಳೇ ಕಡವಿಗೆ ಬಂದು ದೋಣಿಯಲ್ಲಿ ಕೂರುತ್ತಾಳೆ. ಅಂಬಿಗ ಹೆದರಿ ಹುಟ್ಟನ್ನು ದಡದ ಮೇಲೆ ಹಾಕಿ ನಿಂತುಬಿಡುತ್ತಾನೆ. ನೀವು ಇಳಿಯುವವರೆಗೂ ನಾನು ಹುಟ್ಟು ಮುಟ್ಟುವುದಿಲ್ಲ ಅನ್ನುತ್ತಾನೆ ಅವನು. ನೀನು ಹುಟ್ಟು ಮುಟ್ಟುವವರೆಗೂ ನಾನು ಇಳಿಯುವುದಿಲ್ಲ ಅನ್ನುತ್ತಾಳೆ ಅವಳು.

ಈ ಸನ್ನಿವೇಶವನ್ನು ಎಷ್ಟೋ ಜನ ಬರೆದಿದ್ದರು. ಎಲ್ಲರ ಚಿತ್ರದಲ್ಲೂ ಆ ಹೆಂಗಸು ಉದ್ದ ತೋಳಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾವೊ ಮಾತ್ರ ಅವಳ ಮುಖವನ್ನು ಮೇಲಕ್ಕೆತ್ತಿಸಿದಳು. ನನ್ನ ರೇಷ್ಮೆಯ ಮೇಲೆ ಕುಳಿತ ಆ ಹೆಂಗಸಿನ ಕಣ್ಣಲ್ಲಿ ನೀರಿಲ್ಲ. ಕೂದಲ ಮೇಲೆ ಹಿಮ ಬಿದ್ದಿದೆ, ಅದನ್ನು ಕೊಡವಿಕೊಳ್ಳುವುದಕ್ಕೂ ಅವಳು ಕೈ ಎತ್ತಿಲ್ಲ. ಎರಡೂ ಕೈ ದೋಣಿಯ ಅಂಚನ್ನು ಹಿಡಿದಿವೆ.

ಗುರು ಬಂದು ನೋಡಿದ.

"ಕೆಲಸ ಚೆನ್ನಾಗಿದೆ. ಆದರೆ ಅಳದ ಹೆಂಗಸನ್ನು ಯಾರು ಮನೆಯ ಗೋಡೆಗೆ ಹಾಕಿಕೊಳ್ಳುತ್ತಾರೆ? ಮುಖಕ್ಕೆ ತೋಳು ಅಡ್ಡ ತಾ. ಇನ್ನೂ ಕಾಲ ಇದೆ" ಎಂದ.

"ಹಾಕಿಕೊಳ್ಳುವವರು ಬರುವವರೆಗೂ ಸುತ್ತಿಟ್ಟಿರುತ್ತೇನೆ" ಎಂದಳು ನಾವೊ.

ನಾನು ಪ್ರದರ್ಶನಕ್ಕೆ ಹೋಗಲಿಲ್ಲ. ನಾವೊ ಆ ಗುರುವಿನ ಮನೆಯನ್ನೂ ಬಿಟ್ಟಳು. ಚಿತ್ರಗಳಿಗೆ ಬೆನ್ನುಕಾಗದ ಅಂಟಿಸಿ, ಸುತ್ತ ಜರಿಬಟ್ಟೆಯ ಅಂಚು ಹಾಕಿ ಕೊಡುವ ಕುಶಲಿಗನೊಬ್ಬನ ಅಂಗಡಿಗೆ ನನ್ನನ್ನು ಒಯ್ದು ಸುರುಳಿ ಮಾಡಿಸಿದಳು. ತೆಳ್ಳನೆಯ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ತನ್ನ ಹೆಸರನ್ನು ಕಪ್ಪು ಮಸಿಯಲ್ಲಿ ಬರೆದಳು. ಆಮೇಲೆ ಅವಳು ಬೀಸಣಿಗೆಗಳ ಮೇಲೆ ಹೂವು ಬರೆದು ಹೊಟ್ಟೆ ಹೊರೆದಳು. ನನ್ನನ್ನು ಮಾತ್ರ ತಿದ್ದಲಿಲ್ಲ.

ನಾವೊಳ ತಂಗಿಯ ಹೆಸರು ಫುಮಿ. ಫುಮಿಯ ಗಂಡ ಹಿಸಾವೋ ರೇಷ್ಮೆಹುಳುವಿನ ಮೊಟ್ಟೆಗಳ ತಜ್ಞ. ರೋಗವಿಲ್ಲದ ಮೊಟ್ಟೆ ಮಾಡುವುದನ್ನು ಕಲಿಸಲು ಮೈಸೂರು ಸೀಮೆಯ ಒಂದು ರೇಷ್ಮೆ ಫಾರಂನಿಂದ ಅವನಿಗೆ ಕರೆ ಬಂತು. ಗಂಡ ಹೆಂಡತಿ ಹೊರಟು ನಿಂತಾಗ ನಾವೊ ಪೆಟ್ಟಿಗೆಯನ್ನು ತಂಗಿಯ ಕೈಗೆ ಕೊಟ್ಟಳು. "ನಿನ್ನ ಮನೆಯ ಗೋಡೆಗೆ ಹಾಕು" ಎಂದಷ್ಟೇ ಹೇಳಿದಳು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಹಡಗು, ರೈಲು, ಕೊನೆಗೆ ಎತ್ತಿನ ಗಾಡಿ. ಹೊಂಗೆದೊಡ್ಡಿಯಲ್ಲಿ ಪೆಟ್ಟಿಗೆ ತೆರೆದಾಗ ನನಗೆ ಮೊದಲು ಬಡಿದದ್ದು ವಾಸನೆ. ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ. ಅದು ಮೂಗು ಮುಚ್ಚಿಕೊಳ್ಳುವಂಥದ್ದೇ. ಆದರೆ ನಾನು ಹುಟ್ಟಿದ್ದೂ ಅಂಥದೇ ನೀರಿನಿಂದಲ್ಲವೇ. ನನಗೆ ಅದು ನೆಂಟರ ಮನೆಯಂತೆ ಅನ್ನಿಸಿತು. ಫಾರಂನವರು ಕೊಟ್ಟ ಹೆಂಚಿನ ಮನೆಯ ನಡುಮನೆಯಲ್ಲಿ ಫುಮಿ ನನ್ನನ್ನು ನೇತುಹಾಕಿದಳು. ಕಿಟಕಿಯ ಆಚೆ ಹಿಪ್ಪುನೇರಳೆ ತೋಟ. ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯುವ ಸದ್ದು ದಿನವಿಡೀ ಜಡಿಮಳೆಯಂತೆ ಕೇಳುತ್ತಿತ್ತು.

ಪಕ್ಕದ ಮನೆಯವಳು ಹೊನ್ನಾಜಮ್ಮ. ಗಂಡ ತೀರಿಹೋಗಿದ್ದ. ಪುಟ್ಟತಾಯಿ ಎಂಬ ಪುಟ್ಟ ಮಗಳಿದ್ದಳು. ಹೊನ್ನಾಜಮ್ಮ ತನ್ನ ಮನೆಯಲ್ಲೇ ಚರಕ ಇಟ್ಟುಕೊಂಡು, ಒಲೆಯ ಮೇಲಿನ ಬಾಣಲೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದಳು. ಫುಮಿಗೂ ಹುಟ್ಟೂರಿನಲ್ಲಿ ಅದೇ ಕೆಲಸ ಮಾಡಿ ಅಭ್ಯಾಸವಿತ್ತು. ಒಂದು ದಿನ ಹೋಗಿ ಬಾಣಲೆಯ ಆಚೆ ಬದಿ ಕೂತಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಕೈಗಳಿಗೆ ತಿಳಿಯಿತು. ನೀರು, ಗೂಡು, ನೂಲು, ಹೊಗೆ ಎಂದು ಶುರುವಾದ ಕನ್ನಡ ಒಂದು ಮಳೆಗಾಲ ಕಳೆಯುವಷ್ಟರಲ್ಲಿ "ನೂಲು ಕಿತ್ತೋಯ್ತು ಕಣಕ್ಕ, ಒಸಿ ತಡಿ" ಎನ್ನುವವರೆಗೆ ಬಂತು. ಫುಮಿ ಕಲಿತದ್ದು ಹೊನ್ನಾಜಮ್ಮನ ಕನ್ನಡವನ್ನೇ. ಫಾರಂನ ಗುಮಾಸ್ತರು ಕೇಳಿ ನಗುತ್ತಿದ್ದರು. ಅವಳು ಬದಲಿಸಿಕೊಳ್ಳಲಿಲ್ಲ.

ಹೊನ್ನಾಜಮ್ಮ ನನ್ನನ್ನು ಮೊದಲ ಸಲ ನೋಡಿದಾಗ ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಯಾರಿವಳು?"

ಫುಮಿ ತನಗೆ ಬಂದ ಮಾತುಗಳಲ್ಲಿ ಕಥೆ ಹೇಳಿದಳು.

"ಆಮೇಲೆ? ಹೋದ್ಲಾ, ಬುಟ್ಲಾ?"

"ಅಕ್ಕ ಅಷ್ಟೇ ಬರೆದವ್ಳೆ."

"ಹೋಗಿರ್ತಾಳೆ ಬುಡು. ಮೊಕ ನೋಡು" ಎಂದು ಹೊನ್ನಾಜಮ್ಮ ಚರಕದ ಕಡೆ ಹೊರಟಳು.

ಆಮೇಲೆ ಯುದ್ಧ ಬಂತು. ದೂರದ ಸಮುದ್ರದಲ್ಲಿ ಜಪಾನಿನ ವಿಮಾನಗಳು ಬಾಂಬು ಹಾಕಿದ ಸುದ್ದಿ ಬಂದ ಮರುದಿನವೇ ಪೊಲೀಸರು ಹೊಂಗೆದೊಡ್ಡಿಗೆ ಬಂದರು. ಹಿಸಾವೋ ಆಗ ತಟ್ಟೆಗಳ ಮೇಲಿನ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಒಂದು ಕೈಚೀಲಕ್ಕೆ ಆಗುವಷ್ಟು ಬಟ್ಟೆ ತೆಗೆದುಕೊಂಡು ಗಂಡ ಹೆಂಡತಿ ಹೊರಡಬೇಕೆಂದು ಅಪ್ಪಣೆಯಾಯಿತು. ಉತ್ತರದ ಕಡೆ ಎಲ್ಲೋ ಶಿಬಿರವಂತೆ, ಅಲ್ಲಿ ಇಡುತ್ತಾರಂತೆ. ಹಿಸಾವೋ ಉಳಿದ ಸೊಪ್ಪನ್ನೂ ಹಾಕಿ ಮುಗಿಸಿ ಕೈ ತೊಳೆದುಕೊಂಡ. ಫುಮಿ ನನ್ನನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹಿತ್ತಲ ಬೇಲಿಯ ಮೇಲಿಂದ ಹೊನ್ನಾಜಮ್ಮನಿಗೆ ದಾಟಿಸಿದಳು.

"ಬಂದು ಈಸ್ಕೋತೀನಿ" ಎಂದಳು.

"ಬಾ. ನಿಂದು ಎಲ್ಲೋಯ್ತದೆ" ಎಂದಳು ಹೊನ್ನಾಜಮ್ಮ.

ವಾರ ಕಳೆಯುವಷ್ಟರಲ್ಲಿ ಮತ್ತೆ ಪೊಲೀಸರು ಬಂದರು. ಜಪಾನಿನವರು ಯಾರ ಯಾರ ಮನೆಗೆ ಹೋಗಿ ಬರುತ್ತಿದ್ದರೋ ಆ ಮನೆಗಳನ್ನೆಲ್ಲ ಶೋಧಿಸುತ್ತಿದ್ದರು. ಜಪಾನಿ ಬರಹ ಇದ್ದದ್ದು ಏನು ಸಿಕ್ಕರೂ ಠಾಣೆಗೆ. ಮೂರನೇ ಮನೆಯಲ್ಲಿ ಅವರ ಬೂಟಿನ ಸದ್ದು ಕೇಳಿದಾಗ ಹೊನ್ನಾಜಮ್ಮ ಪೆಟ್ಟಿಗೆಯ ಮುಚ್ಚಳದ ಮೇಲಿನ ಕಪ್ಪು ಅಕ್ಷರಗಳನ್ನು ಒಂದು ಗಳಿಗೆ ನೋಡಿದಳು. ನನ್ನನ್ನು ಹೊರತೆಗೆದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ತಟ್ಟೆಗಳನ್ನು ಹೊತ್ತು ನಿಂತಿದ್ದ ದಪ್ಪ ಬಿದಿರಿನ ಟೊಳ್ಳಿನೊಳಗೆ ಇಳಿಸಿ ಬಾಯಿಗೆ ಸಗಣಿ ಮೆತ್ತಿದಳು. ಪೆಟ್ಟಿಗೆಯನ್ನು ಮುರಿದು ಒಲೆಗೆ ಹಾಕಿದಳು. ನಾವೊಳ ಕೈಬರಹ ಬಾಣಲೆಯ ಅಡಿ ಉರಿಯುವುದನ್ನು ನಾನು ಬಿದಿರಿನೊಳಗಿಂದ ಕೇಳಿದೆ. ಆ ಮರ ಒಳ್ಳೆಯ ಘಮವಿದ್ದ ಮರ.

ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತರು. "ಏನಮ್ಮ ಒಲೆಯಲ್ಲಿ?"

"ಗೂಡು ಬೇಯ್ತಾ ಐತೆ ಸ್ವಾಮಿ. ಒಳಕ್ಕೆ ಬನ್ನಿ" ಎಂದು ಹೊನ್ನಾಜಮ್ಮ ಬಾಣಲೆಯನ್ನು ಜೋರಾಗಿ ಕಲಕಿದಳು. ಸತ್ತ ಹುಳುವಿನ ನಾತ ಬಾಗಿಲಿನವರೆಗೂ ಹೋಯಿತು. ಇನ್ಸ್‌ಪೆಕ್ಟರು ಕರವಸ್ತ್ರ ಮೂಗಿಗೆ ಹಿಡಿದು ಕಾನ್‌ಸ್ಟೇಬಲನನ್ನು ಒಳಗೆ ಕಳಿಸಿದರು. ಅವನು ಮೊರ, ಮಡಕೆ, ಮಗಳ ತೊಟ್ಟಿಲು ಎಲ್ಲ ತಡಕಿ, ಬಿದಿರಿಗೆ ಕೈ ಒರಗಿಸಿ ಉಸಿರು ಬಿಟ್ಟು, "ಏನೂ ಇಲ್ಲ ಸಾರ್" ಎಂದು ಹೊರಗೆ ಹೋದ.

ಮುಂದಿನ ಮಳೆಗಾಲದವರೆಗೂ ನಾನು ಆ ಬಿದಿರಿನಲ್ಲೇ ಇದ್ದೆ. ಕತ್ತಲು, ಸೆಕೆ, ಗೆದ್ದಲಿನ ಭಯ. ಹೊನ್ನಾಜಮ್ಮ ಆಗಾಗ ಸಗಣಿ ಕಿತ್ತು ನನ್ನನ್ನು ಹೊರತೆಗೆದು ಬಿಸಿಲಿನ ಝಳ ಮಾತ್ರ ತಾಗುವಂತೆ ನೆರಳಿನಲ್ಲಿ ಹಿಡಿದು, ಬೇವಿನ ಸೊಪ್ಪು ಹಾಕಿ ಮತ್ತೆ ಇಳಿಸುತ್ತಿದ್ದಳು.

ಒಂದು ದಿನ ಫಾರಂನ ಗುಮಾಸ್ತರು ಪತ್ರಿಕೆ ಓದಿ ಹೇಳಿದರು: ಶಿಬಿರದಲ್ಲಿರುವ ಕೆಲವು ಜಪಾನಿಯರನ್ನು ಹಡಗಿನಲ್ಲಿ ಅವರ ದೇಶಕ್ಕೆ ಕಳಿಸುತ್ತಾರಂತೆ, ಬೊಂಬಾಯಿಯಿಂದ ಹಡಗು. ಹೊನ್ನಾಜಮ್ಮ ಆ ಸಂಜೆಯೇ ಗಫೂರ್ ಸಾಹೇಬರ ಮನೆಗೆ ಹೋದಳು. ಗಫೂರ್ ಸಾಹೇಬರು ಊರಿನ ನೂಲು ಕೊಂಡು ಬೊಂಬಾಯಿಗೆ ಮಾರುವ ವ್ಯಾಪಾರಿ. ಸಂಭಾವಿತ ಮನುಷ್ಯ.

"ನನ್ನ ಬೊಂಬಾಯಿಗೆ ಕರ್ಕೊಂಡೋಗಿ ಸಾಬರೇ."

ಸಾಹೇಬರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಯಾಕಮ್ಮಾ? ಯುದ್ಧ ಕಾಲ. ರೈಲಲ್ಲೆಲ್ಲ ಸೋಲ್ಜರುಗಳು. ಹೆಂಗಸರಿಗೆ ಆಗೋ ಮಾತಲ್ಲ."

"ನಾನು ಬಿಚ್ಚಿದ ನೂಲು ಬೊಂಬಾಯಿಗೆ ಹೋಗ್ಬೌದು, ನಾನು ಹೋಗ್ಬಾರ್ದಾ?"

ಸಾಹೇಬರು ನಕ್ಕರು, ಮತ್ತೆ ಬೇಡವೆಂದರು. ಹೊನ್ನಾಜಮ್ಮ ಮಾರನೇ ದಿನವೂ ಬಂದಳು. ಅದರ ಮಾರನೇ ದಿನ ಸಾಹೇಬರ ಹೆಂಡತಿ ಹಾಜಿರಾಬಿ ಒಳಗಿನಿಂದ, "ನಾನೂ ಬೊಂಬಾಯಿ ನೋಡಿಲ್ಲ. ಇಬ್ಬರೂ ಬರ್ತೀವಿ, ಆಗ ಏನಂತೀರಿ?" ಎಂದರು. ಸಾಹೇಬರು ಮೂರು ಟಿಕೆಟ್ಟಿಗೆ ಹಣ ಎಣಿಸಿದರು. ಪುಟ್ಟತಾಯಿಯನ್ನು ಸೋದರಮಾವನ ಮನೆಯಲ್ಲಿ ಬಿಟ್ಟು, ನನ್ನನ್ನು ಒಂದು ಹೊಸ ಬಿದಿರಿನ ಕೊಳವೆಯಲ್ಲಿ ಇಳಿಸಿ ಮೇಣಬಟ್ಟೆ ಸುತ್ತಿ, ಹೊನ್ನಾಜಮ್ಮ ಹೊರಟಳು.

ಬೊಂಬಾಯಿಯಲ್ಲಿ ಮಳೆ ಸುರಿಯುತ್ತಿತ್ತು. ಬಂದರಿನ ಗೇಟಿನ ಬಳಿ ಹೊನ್ನಾಜಮ್ಮ ಬೆಳಿಗ್ಗೆಯೇ ಹೋಗಿ ನಿಂತಳು. ಸಾಹೇಬರು ನೂಲಿನ ವ್ಯಾಪಾರಕ್ಕೆ ಪೇಟೆಗೆ ಹೋದರು, ಹಾಜಿರಾಬಿ ಎದುರಿನ ಅಂಗಡಿಯ ಮಾಡಿನಡಿ ಕೂತು ಕಾದರು. ಗೇಟಿನ ಹವಾಲ್ದಾರ ಮರಾಠಿಯಲ್ಲಿ ಗದರಿದ. ಹೊನ್ನಾಜಮ್ಮ ತನ್ನ ಮಾತಿನಲ್ಲಿ ಉತ್ತರ ಕೊಟ್ಟಳು. ಅವನ ಮುಖ ಬದಲಾಯಿತು.

"ಕನ್ನಡದಾಕಿ ಏನು ನೀನು? ನಾನು ಬಿಜಾಪುರ ಕಡೆಯಾಂವ. ಸಂಗನಬಸಪ್ಪ ಅಂತ. ಇಲ್ಲ್ಯಾಕ ಬಂದೀಯವ್ವಾ?"

ಅವಳು ಹೇಳಿದಳು. ಅವನು ಕೊಳವೆಯನ್ನು ನೋಡಿ ತಲೆಯಾಡಿಸಿದ.

"ಆಗಂಗಿಲ್ಲವ್ವಾ. ವೈರಿ ದೇಶದ ಮಂದಿ ಅವರು. ಅವರ ಕೂಡ ಮಾತಾಡಿದ್ರ ನನ್ನ ನೌಕರಿ ಹೋಗ್ತದ. ಹೊಳ್ಳಿ ಹೋಗು."

"ಅವಳದು ಅವಳಿಗೆ ಕೊಟ್ಟು ಹೋಯ್ತೀನಿ."

"ಮಳ್ಯಾಗ ತೋಯಸ್ಕೋತ ಎಷ್ಟೊತ್ತು ನಿಂದರ್ತಿ?"

"ನೀನೂ ನಿಂತಿದ್ದೀಯಲ್ಲಪ್ಪ."

ಸ್ವಲ್ಪ ಹೊತ್ತಿನ ಮೇಲೆ ಹವಾಲ್ದಾರ ತನ್ನ ಚೌಕಿಯ ಸೂರಿನಡಿ ಬರುವಂತೆ ಕೈಮಾಡಿದ. ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಬಂದವು. ಅವುಗಳಿಂದ ಹೆಂಗಸರು, ಮಕ್ಕಳು, ಮುದುಕರು ಇಳಿದು ಸಾಲಾಗಿ ನಿಂತರು. ಸಾಲಿನ ನಡುವೆ ಫುಮಿ ಇದ್ದಳು. ಕೆನ್ನೆ ಬತ್ತಿಹೋಗಿತ್ತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಎದೆಯ ಮೇಲೆ ಒಂದು ಪುಟ್ಟ ಚೌಕದ ಗಂಟನ್ನು ತೂಗಿಸಿಕೊಂಡಿದ್ದಳು.

"ಫುಮವ್ವ" ಎಂದು ಹೊನ್ನಾಜಮ್ಮ ಕೂಗಿದಳು.

ಸಾಲು ನಿಂತಿತು. ಒಬ್ಬ ಬಿಳಿಯ ಅಧಿಕಾರಿ ಛತ್ರಿ ಹಿಡಿದು ಬಂದ. ಸಂಗನಬಸಪ್ಪ ನೆಟ್ಟಗೆ ನಿಂತು ಸಲಾಮು ಹೊಡೆದು ತನಗೆ ಬಂದ ಇಂಗ್ಲಿಷಿನಲ್ಲಿ ಏನೋ ವಿವರಿಸಿದ. ನೌಕರಿಯ ಭಯವಿದ್ದರೂ ಪೂರ್ತಿ ಹೇಳಿ ಮುಗಿಸಿದ. ಅಧಿಕಾರಿ ಕೊಳವೆಯಿಂದ ನನ್ನನ್ನು ತೆಗೆಸಿ ಚೌಕಿಯ ಮೇಜಿನ ಮೇಲೆ ಬಿಡಿಸಿದ. ಅಂಚು, ಬೆನ್ನು, ಕೋಲಿನ ತುದಿ ಎಲ್ಲ ಬೆರಳಿನಿಂದ ತಟ್ಟಿ ನೋಡಿದ.

"ಇದು ನಕಾಶೆ ಇರಬೇಕು ಅಂತಾನ ಸಾಹೇಬ" ಎಂದ ಹವಾಲ್ದಾರ.

"ಕಣ್ಣು ಬುಟ್ಟು ನೋಡು ಅನ್ನು. ಹೆಂಗಸು. ದೋಣಿಯಾಗೆ ಕುಂತವ್ಳೆ" ಎಂದಳು ಹೊನ್ನಾಜಮ್ಮ.

ಹವಾಲ್ದಾರ ಅದನ್ನು ಹೇಗೆ ತಿಳಿಸಿದನೋ ನನಗೆ ಗೊತ್ತಿಲ್ಲ. ಅಧಿಕಾರಿ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: ಬರಹ, ಚಿತ್ರ, ಕಾಗದ ಯಾವುದನ್ನೂ ಹಡಗಿಗೆ ಹತ್ತಿಸುವಂತಿಲ್ಲ, ಅದು ನಿಯಮ. ಬೇಕಾದರೆ ಆ ಹೆಂಗಸು ಬಂದು ನೋಡಬಹುದು.

ಫುಮಿ ಬಂದಳು. ಮೇಜಿನ ಈಚೆ ಅವಳು, ಆಚೆ ಹೊನ್ನಾಜಮ್ಮ. ನಡುವೆ ನಾನು.

"ಅಯ್ನೋರು ಎಲ್ಲವ್ರೆ?" ಎಂದು ಹೊನ್ನಾಜಮ್ಮ ಕೇಳಿದಳು.

ಫುಮಿ ಎದೆಯ ಮೇಲಿನ ಬಿಳಿ ಗಂಟನ್ನು ಮುಟ್ಟಿದಳು. "ಶಿಬಿರದಾಗೆ ಜ್ವರ ಬಂತು. ಬಿಸ್ಲು ತಡೀಲಿಲ್ಲ." ಗಂಡನ ಬೂದಿಯನ್ನು ಅವಳು ಊರಿಗೆ ಒಯ್ಯುತ್ತಿದ್ದಳು.

ಹೊನ್ನಾಜಮ್ಮ ತೋಯ್ದ ಕೈಯನ್ನು ಚಾಚಿ ಆ ಗಂಟಿನ ಮೇಲೆ ಇಟ್ಟಳು. ಅಧಿಕಾರಿ ಬೇರೆ ಕಡೆ ನೋಡಿದ. ಫುಮಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು, ಅಕ್ಕನ ಮುಖ ನೋಡುವ ಹಾಗೆ. ಕೋಲಿನಿಂದ ಶುರು ಮಾಡಿ ತಾನೇ ಸುತ್ತಿದಳು. ಗಂಟು ಹಾಕಿದಳು.

"ಇವರನ್ನ ನಾನು ಕರ್ಕೊಂಡೋಯ್ತೀನಿ. ದೋಣಿಯವಳು ನಿನ್ನತ್ರ ಇರ್ಲಿ ಅಕ್ಕ. ಬಿದಿರಾಗೆ ಮಡಗ್ಬ್ಯಾಡ. ಗ್ವಾಡೆಗೆ ಹಾಕು."

"ಹಾಕ್ತೀನಿ."

"ಮಾತು ಕೊಡು."

"ಕೊಟ್ಟೆ ಹೋಗು."

ಸಾಲು ಮುಂದೆ ಹೋಯಿತು. ನನ್ನನ್ನು ಕೊಡಲು ಅಷ್ಟು ದೂರ ಬಂದವಳು ಮತ್ತೆ ನನ್ನನ್ನೇ ಹೊತ್ತು ರೈಲು ಹತ್ತಿದಳು. ದಾರಿಯುದ್ದಕ್ಕೂ ಹಾಜಿರಾಬಿ ಅವಳ ಕೈ ಹಿಡಿದುಕೊಂಡಿದ್ದರು. ತಂದ ರೊಟ್ಟಿಯನ್ನು ಇಬ್ಬರೂ ಮುಟ್ಟಲಿಲ್ಲ.

ಊರಿಗೆ ಬಂದ ದಿನವೇ ಹೊನ್ನಾಜಮ್ಮ ಚರಕದ ಎದುರಿನ ಗೋಡೆಗೆ ಮೊಳೆ ಹೊಡೆದಳು. ಸುದ್ದಿ ಹಬ್ಬಿ ಊರಿನ ಪಟೇಲರು ಬಂದರು.

"ಏನವ್ವಾ ಇದು, ವೈರಿ ದೇಶದ ಚಿತ್ರ. ನಾಳೆ ಪೊಲೀಸ್ರು ಬಂದ್ರೆ ನನ್ನ ಕೇಳ್ತಾರೆ. ತೆಗೆದುಬುಡು."

"ಬೊಂಬಾಯಿನಾಗೆ ದೊರೆ ಸಾಹೇಬ್ನೇ ಕೈಯಾರೆ ಬಿಡಿಸಿ ನೋಡಿ, ಇದನ್ನ ಹಡಗಿಗೆ ಹತ್ತಿಸ್ಬ್ಯಾಡ, ಇಲ್ಲೇ ಮಡಿಕ್ಕೊ ಅಂತ ಅಪ್ಪಣೆ ಕೊಟ್ಟವ್ನೆ. ನಾನು ದೊರೆ ಮಾತು ಮೀರ್ಲಾ?"

ಪಟೇಲರು ಗಡ್ಡ ಕೆರೆದುಕೊಂಡು ಹೋದರು. ಆಮೇಲೆ ಯಾರೂ ಕೇಳಲಿಲ್ಲ.

ಹೀಗೆ ನಾನು ಹೊಂಗೆದೊಡ್ಡಿಯ ಚಿತ್ರವಾದೆ. ನೂಲು ಬಿಚ್ಚುವ ಮನೆಯಲ್ಲಿ ಚಿತ್ರಕ್ಕೆ ಒಳ್ಳೆಯ ಬಾಳಿಲ್ಲ. ಒಲೆಯ ಹೊಗೆ, ಬಾಣಲೆಯ ಆವಿ. ನನ್ನ ಹಿಮ ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ಕಾಫಿಯ ಬಣ್ಣಕ್ಕೆ ತಿರುಗಿತು. ಹಿಮವನ್ನೇ ಕಾಣದ ಊರಿನ ಮಕ್ಕಳು ಬಂದು ನೋಡಿ, "ಹತ್ತಿ ಹಾರ್ತಾ ಐತೆ" ಅನ್ನುತ್ತಿದ್ದರು. ನನ್ನ ಬೆನ್ನಿನ ಕಾಗದ ಬಿರಿದಾಗ ಹೊನ್ನಾಜಮ್ಮ ಅನ್ನದ ಗಂಜಿ ಸವರಿ ಹಳೆಯ ಪತ್ರಿಕೆಯ ತುಂಡು ಅಂಟಿಸಿದಳು. ಕುಶಲಿಗರು ಕಂಡರೆ ತಲೆ ಚಚ್ಚಿಕೊಳ್ಳುವಂಥ ಕೆಲಸ. ಆದರೆ ಆ ತೇಪೆಯಿಂದಲೇ ನಾನು ಹರಿಯದೆ ಉಳಿದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದ ಮೇಲೆ ರೇಷ್ಮೆ ಇಲಾಖೆಯ ಒಬ್ಬ ಯುವ ಅಧಿಕಾರಿ ತರಬೇತಿಗೆಂದು ಜಪಾನಿಗೆ ಹೋಗಿ ಬಂದರು. ನೇರ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಅಲ್ಲಿಯ ಒಂದು ರೇಷ್ಮೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸೊಬ್ಬರು ತಮ್ಮನ್ನು ಕರೆದು ಕನ್ನಡದಲ್ಲಿ ಮಾತಾಡಿಸಿದರೆಂದು ಹೇಳಿದರು.

"ಅವರು ಒಂದೇ ಮಾತು ಕೇಳಿದ್ದು ಅಮ್ಮ. 'ಗ್ವಾಡೆ ಮ್ಯಾಲೈತಾ' ಅಂತ."

ಹೊನ್ನಾಜಮ್ಮ ಬಾಣಲೆಯಿಂದ ಕೈ ತೆಗೆದಳು. ಚರಕ ತಾನಾಗಿ ನಿಂತಿತು.

"ಐತೆ ಅಂತ ಬರೀರಿ ಸ್ವಾಮಿ. ಹೊಗೆ ಹಿಡಿದೈತೆ ಅಂತಾನೂ ಬರೀರಿ. ಸುಳ್ಳೇಳ್ಬ್ಯಾಡಿ."

ಅದೇ ಕೊನೆಯ ಸುದ್ದಿ. ಹೊನ್ನಾಜಮ್ಮ ಮುದುಕಿಯಾದಳು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳ ಸ್ಪರ್ಶ ಹೋಗಿದ್ದರೂ ನೂಲಿನ ತುದಿಯನ್ನು ಹುಡುಕುವುದು ಬಿಡಲಿಲ್ಲ. ಒಂದು ಬೇಸಗೆಯ ಮಧ್ಯಾಹ್ನ, ಚರಕದ ಪಕ್ಕದ ಚಾಪೆಯಲ್ಲಿ ಒರಗಿದವಳು ಏಳಲಿಲ್ಲ. ಪುಟ್ಟತಾಯಿ ಅವಳ ಜಾಗದಲ್ಲಿ ಕೂತಳು. ಕಾಲ ಕಳೆದಂತೆ ಒಂದು ಚರಕ ಇದ್ದಲ್ಲಿ ಯಂತ್ರಗಳು ಬಂದವು, ಊರಿನ ಹೆಂಗಸರು ಹಲವರು ಕೆಲಸಕ್ಕೆ ಬಂದರು.

ಪುಟ್ಟತಾಯಿಗೆ ನಡುವಯಸ್ಸು ದಾಟಿದಾಗ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಬೆಂಗಳೂರಿನಿಂದ ಕಾರಿನಲ್ಲಿ ಬಂದ. ಭೂತಗನ್ನಡಿ ಹಿಡಿದು ನನ್ನನ್ನು ನೋಡಿ ನಾಲಿಗೆ ಲೊಚಗುಟ್ಟಿದ.

"ಇದರ ಪೆಟ್ಟಿಗೆ ಎಲ್ಲಮ್ಮ? ಬರೆದವರ ಹೆಸರಿರೋ ಪೆಟ್ಟಿಗೆ ಇದ್ರೇನೇ ಇವಕ್ಕೆ ಬೆಲೆ. ಅದನ್ನ ಇಟ್ಕೋಬೇಕಿತ್ತು."

"ಪೆಟ್ಗೆ ಮಡಗಿದ್ರೆ ಚಿತ್ರ ಉಳೀತಿರ್ಲಿಲ್ಲ. ನೀವು ಕಾಫಿ ಕುಡ್ಕೊಂಡು ಹೊರಡಿ" ಎಂದಳು ಪುಟ್ಟತಾಯಿ.

ಆಮೇಲೆ ಬಂದವಳು ಹಯಾಮಿ. ಹೊಸ ತಳಿಯ ಬಿಳಿ ಗೂಡು ಬೆಳೆಸುವುದನ್ನು ಕಲಿಸಲು ಜಪಾನಿನಿಂದ ಬಂದ ತಂಡದಲ್ಲಿದ್ದಳು. ಪುಸ್ತಕ ಓದಿ ಕನ್ನಡ ಕಲಿತಿದ್ದಳು. ಯಂತ್ರ ನೋಡಲು ಒಳಗೆ ಬಂದವಳು ನನ್ನೆದುರು ನಿಂತುಬಿಟ್ಟಳು.

"ಈ ಚಿತ್ರಕ್ಕೆ ಆರೋಗ್ಯ ಚೆನ್ನಾಗಿಲ್ಲ" ಎಂದಳು ಕೊನೆಗೆ. "ಬೆನ್ನು ಒಡೆದಿದೆ. ಇನ್ನು ಕೆಲವು ಮಳೆಗಾಲ ಕಳೆದರೆ ಬಣ್ಣ ಉದುರುತ್ತದೆ. ನಮ್ಮ ದೇಶದ ಒಂದು ಸಂಗ್ರಹಾಲಯ ಇದನ್ನು ಸಂತೋಷದಿಂದ ತೆಗೆದುಕೊಳ್ಳುತ್ತದೆ."

"ಅಲ್ಲಿ ಯಾರು ನೋಡ್ತಾರೆ?"

"ವರ್ಷದಲ್ಲಿ ಕೆಲವು ವಾರ ಎಲ್ಲರೂ ನೋಡಬಹುದು."

"ಮಿಕ್ಕಿದ್ದು?"

"ಪೆಟ್ಟಿಗೆಯಲ್ಲಿ. ಕತ್ತಲೆಯ ತಂಪು ಕೋಣೆಯಲ್ಲಿ."

ಪುಟ್ಟತಾಯಿ ತಲೆಯಾಡಿಸಿದಳು. "ಆಗಕಿಲ್ಲ. ಬಿದಿರಾಗೆ ಮಡಗಕಿಲ್ಲ ಅಂತ ನಮ್ಮವ್ವ ಮಾತು ಕೊಟ್ಟವ್ಳೆ. ಪೆಟ್ಗೆ ಆದ್ರೇನು, ಬಿದಿರಾದ್ರೇನು."

"ಗೋಡೆಯ ಮೇಲೆ ಇದ್ದರೆ ಬೆಳಕು ತಿನ್ನುತ್ತದೆ."

"ನನ್ನನ್ನೂ ತಿಂತಾ ಐತೆ. ರಿಪೇರಿ ಮಾಡಿಸ್ಕೊಡಿ ಸಾಕು, ವಾಪಸ್ ಬರ್ಬೇಕು. ಸುತ್ತ ಹಾಕೋ ಬಟ್ಟೆ ನಾವು ಕೊಡ್ತೀವಿ. ಹರಿದ ಆ ಜರಿ ಬ್ಯಾಡ."

ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ? ಪೆಟ್ಟಿಗೆಯಲ್ಲಿದ್ದರೆ ಹೆಚ್ಚು ಬಾಳುತ್ತೇನೆಂಬುದು ನಿಜ. ಆದರೆ ಕತ್ತಲಲ್ಲಿದ್ದಾಗ ನಾನು ಬರೀ ಬಟ್ಟೆ. ಒಬ್ಬರು ಎದುರು ನಿಂತು ನೋಡಿದಾಗಲೇ ನನ್ನ ದೋಣಿಯಲ್ಲಿ ಹೆಂಗಸು ಕೂರುವುದು. ಪುಟ್ಟತಾಯಿ ನನ್ನ ಪರವಾಗಿಯೇ ಮಾತಾಡಿದಳು.

ಹೊಸ ತಳಿಯ ಮೊದಲ ಬೆಳೆ ಬಂದಾಗ ಪುಟ್ಟತಾಯಿ ಬೇರೆಯವರ ಕೈಗೆ ಕೊಡದೆ ತಾನೇ ಕೂತು ನೂಲು ಬಿಚ್ಚಿದಳು. ದಪ್ಪ ತೆಳು ಆದ ಕಡೆಯೆಲ್ಲ ಕಿತ್ತು ಮತ್ತೆ ಬಿಚ್ಚಿದಳು. ಊರಿನ ಮಗ್ಗದಲ್ಲೇ ಅದನ್ನು ಬಟ್ಟೆ ಮಾಡಿಸಿ, ಹಿಪ್ಪುನೇರಳೆಯ ಎಲೆಯ ಕಡುಹಸಿರು ಹಾಕಿಸಿದಳು. ಆ ಬಟ್ಟೆಯ ಜೊತೆ ನಾನು ಹಯಾಮಿಯ ಕೈಚೀಲದಲ್ಲಿ ವಿಮಾನ ಹತ್ತಿದೆ.

ಕ್ಯೋಟೋ ನನಗೆ ಗುರುತೇ ಸಿಗಲಿಲ್ಲ. ಅಲ್ಲಿ ಮಾತು ಕಡಿಮೆಯ ಒಬ್ಬ ಹೆಂಗಸು ನನ್ನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಶುದ್ಧ ನೀರು ಚಿಮುಕಿಸಿದಳು. ಹೊಂಗೆದೊಡ್ಡಿಯ ಹೊಗೆ ಕಂದು ನೀರಾಗಿ ಹರಿಯಿತು. ಒಂದು ಹಂತದಲ್ಲಿ ಅವಳು ಕೈ ನಿಲ್ಲಿಸಿದಳು. ಇನ್ನೂ ತೊಳೆದರೆ ಹಿಮವೇ ಹೋಗುತ್ತದೆ ಎಂದಳು. ಹಾಗಾಗಿ ಸ್ವಲ್ಪ ಹೊಗೆ ನನ್ನಲ್ಲೇ ಉಳಿಯಿತು. ಬೆನ್ನಿನ ಪತ್ರಿಕೆಯ ತೇಪೆಗಳನ್ನು ಅವಳು ತಾಳ್ಮೆಯಿಂದ ಒಂದೊಂದಾಗಿ ಬಿಡಿಸಿ, ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿದಳು. ಹಸಿರು ಬಟ್ಟೆಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿ, "ಹಟದ ನೂಲು" ಎಂದಳು. ಅದು ಬೈಗುಳವಾಗಿರಲಿಲ್ಲ.

ನಾನು ವಾಪಸು ಬಂದೆ. ಈಗ ನನ್ನ ಜಾಗ ಒಲೆಯ ಮನೆಯಲ್ಲ. ಕೆಲಸಕ್ಕೆ ಬರುವ ಹೆಂಗಸರು ಬುತ್ತಿ ಬಿಚ್ಚಿ ಕೂರುವ ಮುಂದಿನ ಕೋಣೆಯ ಉತ್ತರದ ಗೋಡೆ. ಬಿಸಿಲು ನೇರ ಬೀಳುವುದಿಲ್ಲ. ನನಗೆ ವಯಸ್ಸಾಗಿದೆ. ಹೆಂಗಸಿನ ಉಡುಪಿನ ನೀಲಿ ಮಾಸಿದೆ. ಅಂಬಿಗನ ಮುಖದ ಗೆರೆ ಅರ್ಧ ಅಳಿಸಿದೆ. ಪುಟ್ಟತಾಯಿಗೂ ಮೊಣಕಾಲು ಮಡಚಲಾಗದು. ಕುರ್ಚಿಯ ಮೇಲೆ ಕೂತು ಹೊಸದಾಗಿ ಬಂದವರಿಗೆ ನೂಲಿನ ತುದಿ ಹಿಡಿಯುವುದನ್ನು ಹೇಳಿಕೊಡುತ್ತಾಳೆ. ತಪ್ಪಿದರೆ ಮತ್ತೆ ಮಾಡಿಸುತ್ತಾಳೆ.

ಸುತ್ತಲಿನ ಹಸಿರು ಬಟ್ಟೆ ಇನ್ನೂ ಎಳೆಯದು, ಬಿಗಿ ಬಿಟ್ಟಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದ ದಿನ ಅದು ಒಂದು ಕಡೆ ಎಳೆಯುತ್ತದೆ, ಹಳೆಯ ನಾನು ಇನ್ನೊಂದು ಕಡೆ ಎಳೆಯುತ್ತೇನೆ. ನನ್ನ ಎಡತುದಿ ಸ್ವಲ್ಪ ಸೊಟ್ಟಗಾಗುತ್ತದೆ. ಕೆಲಸದ ಹೆಂಗಸೊಬ್ಬಳು ಅದನ್ನು ಕಂಡು, "ತೆಗೆದು ಇಸ್ತ್ರಿ ಹಾಕೋಣ್ವಾ ಅಮ್ಮ?" ಎಂದು ಕೇಳಿದಳು. ಪುಟ್ಟತಾಯಿ ಕುರ್ಚಿಯಿಂದ ಎದ್ದು ಬಂದು, ಕೆಳಗಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಮಟ್ಟ ಮಾಡಿದಳು.

"ಬ್ಯಾಡ, ಹೊಂದ್ಕೊತವೆ" ಎಂದಳು.

ಹೊಂದಿಕೊಳ್ಳುತ್ತಿದ್ದೇವೆ. ನಿನ್ನೆಗಿಂತ ಇವತ್ತು ನಾವಿಬ್ಬರೂ ಇನ್ನಷ್ಟು ನೇರವಾಗಿ ತೂಗುತ್ತಿದ್ದೇವೆ.